ಹದಿನಾರು ಹಲ್ಲಿನ ಹುಡುಕಾಟ

"ಹೋಯ್ತು! ಹಲ್ಲು ಹೋಯ್ತು!"

ರಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ತಿರುಪು ಹೀಗೆ ಕೂಗಿಕೊಂಡದ್ದೇ ಆ ದಿನದ ಅನಾಹುತಕ್ಕೆಲ್ಲ ಮೂಲ. ಕೂಗುವುದಾದರೆ 'ಗೇರಿನ ಹಲ್ಲು' ಎಂದು ಪೂರ್ತಿ ಕೂಗಬೇಕಿತ್ತು. ಅರ್ಧ ಕೂಗಿದ. ಆ ಅರ್ಧ ಹೋಗಿ ಕೆಳಗಿನ ಮನೆಯ ಅಜ್ಜಿಯ ಕಿವಿಗೆ ಬಿತ್ತು.

ತಿರುಪು ಎಂಬುದು ಅಡ್ಡಹೆಸರು. ಕೆಲಸ ಗುಮಾಸ್ತನದು, ಆದರೆ ಯಾವ ಜೇಬಿಗೆ ಕೈ ಹಾಕಿದರೂ ಪೆನ್ನಿನ ಬದಲು ಸ್ಕ್ರೂ ಬರುತ್ತಿದ್ದುದರಿಂದ ಕಚೇರಿಯವರು ಇಟ್ಟದ್ದು. ತಲೆಯಲ್ಲಿ ಒಂದು ತಿರುಪು ಸಡಿಲ, ಅದಕ್ಕೇ ಆ ಹೆಸರು ಎಂಬುದು ಹೆಂಡತಿಯ ವ್ಯಾಖ್ಯಾನ. ಅವನ ಹುಚ್ಚು ಒಂದೇ: ಕಾದಾಡುವ ರೋಬೋಟು ಕಟ್ಟುವುದು. ಎರಡು ತಿಂಗಳಿನಿಂದ ತಿರುಪು, ತಿರುಪುಗಳಿಗಾಗಿ ತಿರುಪೆ ಎತ್ತಿದ್ದ. ಬಡಗಿಯ ಕೆಟ್ಟ ಡ್ರಿಲ್ಲಿಂಗ್ ಮಷೀನಿನ ಮೋಟರು ಚಕ್ರಗಳಿಗಾಯಿತು. ಪಾರ್ಕಿನ ಮಾಲಿ ಕೊಟ್ಟ ಹುಲ್ಲು ಕತ್ತರಿಸುವ ಬ್ಲೇಡು ಆಯುಧವಾಯಿತು. ಆ ಬ್ಲೇಡು ತಿರುಗಿಸಲು ಮಿಕ್ಸಿಯ ಮೋಟರು, ಮೈಗೆ ಕವಚ ಅಡುಗೆಮನೆಯದು.

"ತರಕಾರಿ ಹೆಚ್ಚೋ ಹಲಗೆ ಎಲ್ರೀ?"

"ಯುದ್ಧಕ್ಕೆ ಹೋಗ್ತಿದೆ ಕಣೇ."

"ಹಂಗಾದ್ರೆ ಬದನೇಕಾಯಿ ಎಲ್ಲಿ ಹೆಚ್ಲಿ? ನಿಮ್ಮ ಬೆನ್ನ ಮೇಲಾ?"

ಹೀಗೆ ಹುಟ್ಟಿದವನಿಗೆ ರುಬ್ಬಣ್ಣ ಎಂದು ನಾಮಕರಣವೂ ಆಗಿತ್ತು. ಸಂಜೆ ಐದಕ್ಕೆ ಕ್ರೀಡಾಂಗಣದಲ್ಲಿ ಅವನಿಗೂ, ತಿರುಪುವಿನ ಹೆಂಡತಿಯ ತಮ್ಮ ಕಟ್ಟಿದ ಗುದ್ದಪ್ಪನಿಗೂ ಕಾಳಗ. ಮೂರು ವರ್ಷ ಸತತವಾಗಿ ಭಾವಮೈದನ ಎದುರು ಸೋತಿದ್ದ ತಿರುಪು, ಹೋದ ಸಲ ರೋಷದಲ್ಲಿ ಎಲ್ಲರ ಮುಂದೆ, "ಮುಂದಿನ ವರ್ಷವೂ ಸೋತ್ರೆ ಮೀಸೆ ಬೋಳಿಸ್ತೀನಿ!" ಎಂದುಬಿಟ್ಟಿದ್ದ. ಅದು ಅಂತಿಂಥ ಮೀಸೆಯಲ್ಲ. ಇಪ್ಪತ್ತೆರಡು ವರ್ಷದ ಬೆಳೆ. ಎರಡು ತುದಿಗೆ ಎರಡು ನಿಂಬೆಹಣ್ಣು ಕೂರಿಸಬಹುದಾದಂಥದು. ಭಾವಮೈದನಿಗೆ ಮೀಸೆಯೇ ಇರಲಿಲ್ಲ. ಪಂದ್ಯಕ್ಕೆ ಒಪ್ಪಿದ ಅವನ ಧೈರ್ಯಕ್ಕೆ ಅದೇ ಕಾರಣ.

ಇಂಥ ದಿನವೇ ರುಬ್ಬಣ್ಣನ ಬ್ಲೇಡು ತಿರುಗಿಸುವ ಗೇರಿನ ಹಲ್ಲು ಕಟಕ್ಕೆಂದು ಮುರಿದಿತ್ತು. ಗೇರನ್ನು ಜೇಬಿಗೆ ಹಾಕಿಕೊಂಡ ತಿರುಪು ಎರಡೆರಡು ಮೆಟ್ಟಿಲು ಹಾರುತ್ತಾ ಸ್ಕೂಟರ್ ಮೆಕ್ಯಾನಿಕ್‌ಗೆ ಫೋನು ಹಚ್ಚಿದ.

"ಒಂದೆರಡಲ್ಲ ಮಾರಾಯ, ಹದಿನಾರು ಹಲ್ಲು! ಇವತ್ತೇ ಬೇಕು! ಮುಖದ ಪ್ರಶ್ನೆ!"

ಮೆಟ್ಟಿಲ ಬಾಗಿಲುಗಳೆಲ್ಲ ಒಂದೊಂದು ಅಂಗುಲ ತೆರೆದು ಮುಚ್ಚಿಕೊಂಡವು.

ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಡಬ್ಬಿಯನ್ನೆಲ್ಲ ಬೋರಲು ಹಾಕಿದ. "ಹದಿನಾಲ್ಕು ಹಲ್ಲಿಂದಿದೆ. ಎರಡು ಹಲ್ಲು ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್."

"ಗೇರೇನು ಬಸ್ಸಿನ ಸೀಟೇನಯ್ಯಾ, ಅಡ್ಜಸ್ಟ್ ಮಾಡ್ಕೊಳೋಕೆ?"

ಹಾರ್ಡ್‌ವೇರ್ ಅಂಗಡಿಗಳಿಗೆಲ್ಲ ರಜೆ. ಗುಜರಿ ಅಂಗಡಿಯವನೊಬ್ಬ ಮಾತ್ರ ಕಬ್ಬಿಣದ ಗುಡ್ಡದ ಮೇಲೆ ಚಕ್ರವರ್ತಿಯ ಹಾಗೆ ಕೂತಿದ್ದ. ಹೊಲಿಗೆ ಯಂತ್ರದ ಗೇರು ತೆಗೆದ, ಹನ್ನೆರಡು. ಗೋಡೆ ಗಡಿಯಾರದ್ದು ತೆಗೆದ, ಅರವತ್ತು. ಕೊನೆಗೆ ಮೂಲೆಯಿಂದ ಒಂದು ಬಾಚಣಿಗೆ ಎತ್ತಿ, "ಇದರಲ್ಲೂ ಹಲ್ಲಿದೆ, ನೋಡಿ" ಎಂದ. ತಿರುಪು ಅವನನ್ನು ದುರುಗುಟ್ಟಿ ನೋಡಿ ಹೊರಬಿದ್ದ.

ಮಧ್ಯಾಹ್ನ ಒಂದಕ್ಕೆ ಜೋಲುಮುಖ ಹೊತ್ತು ಹಿಂತಿರುಗಿದರೆ ಬಾಗಿಲಲ್ಲೇ ಅಜ್ಜಿ, ಅಜ್ಜಿಯ ಹಿಂದೆ ಇಡೀ ಕಟ್ಟಡ.

"ಪಾಪ, ಹದಿನಾರೂ ಹೋಯ್ತೇನಪ್ಪಾ? ಮೇಲಿನ ಸಾಲೋ ಕೆಳಗಿನ ಸಾಲೋ?"

"ಅಯ್ಯೋ ಅಜ್ಜಿ, ನನ್ನದಲ್ಲ, ಅದು ಗೇ—"

ಬಾಯಿ ತೆರೆದದ್ದೇ ತಪ್ಪಾಯಿತು. ಅಜ್ಜಿ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯುಂಡೆಯನ್ನು ಗುರಿಯಿಟ್ಟು ಒಳಗೆ ತುರುಕಿದರು.

"ಗ್ಗೇಗ್ಗು... ಹಲ್ಲಲ್ಲ... ಹಲ್ಲು!"

"ನೋಡಿ, ನಾಲಿಗೆ ಆಗಲೇ ತೊದಲ್ತಿದೆ" ಎಂದರು ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು. "ದಂತವೈದ್ಯ ನನ್ನ ಶಿಷ್ಯ. ಆಟೋ ಕರೀರಿ! ಕೈ ಹಿಡ್ಕೊಳ್ಳಿ! ಕೊಸರಾಡ್ತಾನೆ, ನೋವಿಗೆ!"

ಕೂಸಿನ ಹಾಗೆ ಅವನನ್ನು ಹೊತ್ತು ಆಟೋಗೆ ಹಾಕಿದರು. ದವಾಖಾನೆಯಲ್ಲಿ ಡಾಕ್ಟರು ಅವನನ್ನು ಕುರ್ಚಿಗೆ ಒರಗಿಸಿ ಗುಂಡಿ ಒತ್ತಿದರು. ಕರ್ ಕರ್ ಎನ್ನುತ್ತಾ ತಲೆ ಕೆಳಗಿಳಿಯಿತು, ಕಾಲು ಮೇಲೇರಿತು. ಹತ್ತಿ ತೆಗೆದು ಎಣಿಸಿದರು.

"ಮೂವತ್ತೆರಡೂ ಇದೆಯಲ್ಲಾ ಮೇಷ್ಟ್ರೇ!"

"ಹೋಗಿದ್ದು ನನ್ನ ಹಲ್ಲಲ್ಲ ಡಾಕ್ಟ್ರೇ, ರುಬ್ಬಣ್ಣನ ಹಲ್ಲು!"

"ಹಂಗಾದ್ರೆ ಅವರನ್ನೇ ಕರ್ಕೊಂಡು ಬರ್ಬೇಕಿತ್ತು."

ತಿರುಪು ಜೇಬಿನಿಂದ ಗೇರು ತೆಗೆದು ಕತೆಯೆಲ್ಲ ಹೇಳಿದ. ಡಾಕ್ಟರ ಕಣ್ಣು ಕ್ಷಣದಲ್ಲಿ ಟ್ಯೂಬ್‌ಲೈಟಾದವು. "ಅಯ್ಯೋ, ರೋಬೋಟ್ ಫೈಟಾ? ನಾನೂ ನೋಡ್ತೀನ್ರೀ!" ಎಂದವರು ಗೇರನ್ನು ತಿರುಗಿಸಿ ನೋಡಿದರು. ಆಮೇಲೆ ಕುರ್ಚಿಯನ್ನು ನೋಡಿದರು. ತಿರುಪೂ ಕುರ್ಚಿಯನ್ನು ನೋಡಿದ. ಕರ್ ಕರ್ ಎಂಬ ಆ ಸದ್ದು ಇಬ್ಬರ ಕಿವಿಯಲ್ಲೂ ಇನ್ನೂ ಸಂಗೀತವಾಗಿ ಮೊಳಗುತ್ತಿತ್ತು.

ಐದೇ ನಿಮಿಷ. ಇಬ್ಬರೂ ಕುರ್ಚಿಯ ಕೆಳಗೆ ಅಂಗಾತ ಮಲಗಿದ್ದರು. ತಿರುಪು ಜೇಬಿನ ಸ್ಕ್ರೂಡ್ರೈವರ್ ತಿರುಗಿಸಿದ. ಡಾಕ್ಟರು ಇಕ್ಕಳ ಹಿಡಿದು ಎಳೆದರು. ಬಂತು! ಎಣಿಸಿದರೆ ಸರಿಯಾಗಿ ಹದಿನಾರು!

"ಜನರ ಹಲ್ಲು ಕಿತ್ತಿದ್ದೆ. ಕುರ್ಚಿ ಹಲ್ಲು ಕಿತ್ತಿದ್ದು ಇದೇ ಮೊದಲು" ಎಂದು ಡಾಕ್ಟರು ಬೆವರೊರೆಸಿಕೊಂಡರು. "ನಾಳೆ ಬೆಳಿಗ್ಗೆ ವಾಪಸ್ ಕೊಡಿ. ಅಲ್ಲೀವರೆಗೂ ಕುರ್ಚಿ ಹಿಂಗೇ ತಲೆಕೆಳಗಾಗಿರುತ್ತೆ. ಇವತ್ತು ಯಾರು ಬರ್ತಾರೆ, ಬಿಡಿ!"

ಐದು ಗಂಟೆಗೆ ಗಾಜಿನ ಗೋಡೆಗಳ ಅಖಾಡದೊಳಗೆ ಗುದ್ದಪ್ಪ ಗೂಳಿಯಂತೆ ನುಗ್ಗಿದ. ರುಬ್ಬಣ್ಣ ಗುಂಯ್ ಎಂದ. ಮೊದಲ ಹೊಡೆತಕ್ಕೆ ಗುದ್ದಪ್ಪನ ಒಂದು ಚಕ್ರ ಉರುಳಿತು, ಎರಡನೆಯದಕ್ಕೆ ಮುಚ್ಚಳ ಹಾರಿತು, ಮೂರನೆಯದಕ್ಕೆ ಹೊಗೆ ಬಂತು. ಜನ ಕುರ್ಚಿ ಹತ್ತಿ ಕುಣಿದರು. ಭಾವಮೈದನ ಮುಖ ಗಾಳಿ ಬಿಟ್ಟ ಟ್ಯೂಬಾಯಿತು.

ಗೆದ್ದ! ತಿರುಪು ಮೀಸೆ ತಿರುವಿದ. ಒಳಗೆ ನುಗ್ಗಿದ. ರುಬ್ಬಣ್ಣನನ್ನು ಎದೆಗವಚಿಕೊಂಡ. ಸ್ವಿಚ್ಚು ಆರಿಸುವುದನ್ನು ಮರೆತು, ಕವಚದ ಮೇಲೊಂದು ಮುತ್ತು ಕೊಟ್ಟ.

ರುಬ್ಬಣ್ಣ ಕೊನೆಯ ಬಾರಿ ಗುಂಯ್ ಎಂದ. ಸಡಿಲಾಗಿದ್ದ ಗೇರು ಕಿತ್ತು ಬಂದು ಬಾಯಿಗೆ ಬಡಿಯಿತು. ಕೊಟ್ಟದ್ದು ಒಂದು ಮುತ್ತು, ಉದುರಿದ್ದೂ ಒಂದು ಮುತ್ತು, ಮುಂದಿನ ಸಾಲಿನದು.

ಕರವಸ್ತ್ರ ಒತ್ತಿಕೊಂಡೇ ಹೆಂಡತಿಗೆ ಫೋನು ಮಾಡಿದ. "ಹಲ್ಲು ಹೋಯ್ತು ಕಣೇ!"

"ಬೆಳಿಗ್ಗೆಯಿಂದ ಅದೇ ಕೇಳ್ತಿದೀನಿ! ಈ ಸಲ ಎಷ್ಟು ಹಲ್ಲಿಂದು ಬೇಕಂತೆ?" ಎಂದು ಅವಳು ಫೋನಿಟ್ಟಳು.

ಕೊನೆಗೆ ದವಾಖಾನೆಗೆ ಕರೆದೊಯ್ದವನು ಸೋತ ಭಾವಮೈದನೇ. ತಲೆಕೆಳಗಾದ ಕುರ್ಚಿಯಲ್ಲಿ ಮಲಗಿಸಿದರೆ ತಿರುಪು ತಲೆಯ ಕಡೆಗೆ ಸರಸರ ಜಾರತೊಡಗಿದ. ಭಾವಮೈದ ಎರಡೂ ಕಾಲು ಹಿಡಿದು ನಿಂತ.

"ಡಾಕ್ಟ್ರೇ, ಕುರ್ಚಿ ಫ್ವಲ್ಪ ಎತ್ತಿ!"

"ಗೇರು ಕೊಡಿ, ಎತ್ತೋಣ."

ತಿರುಪು ಮುಷ್ಟಿ ಬಿಚ್ಚಿದ. ಡಾಕ್ಟರು ಎಣಿಸಿದರು. ಹದಿನೈದು. ಆಮೇಲೆ ಬಾಯೊಳಗೆ ಎಣಿಸಿದರು. ಮೂವತ್ತೊಂದು. ನಿಟ್ಟುಸಿರುಬಿಟ್ಟು ತುಟಿ ಎತ್ತಿ ನೋಡಿದರು.

"ಹಲ್ಲಿಂದು ನಿಧಾನಕ್ಕೆ ನೋಡೋಣ. ಮೇಲ್ತುಟಿ ಸೀಳಿದೆ, ಈಗಲೇ ಎರಡು ಹೊಲಿಗೆ ಹಾಕ್ಬೇಕು. ಆದ್ರೆ..." ಎಂದು ಡಾಕ್ಟರು ತಡವರಿಸುತ್ತಾ ರೇಜರ್ ತೆಗೆದರು. "ಇದು ಅಡ್ಡ ಬರ್ತಿದೆ."

ಒಂದು ನಿಂಬೆಹಣ್ಣಿನ ಜಾಗ ಹೋಯಿತು. ಇನ್ನೊಂದೂ ಹೋಯಿತು. ಭಾವಮೈದ ಹಿಡಿದ ಕಾಲು ಬಿಡದೆಯೇ ಭಕ್ತಿಯಿಂದ ಅವಕ್ಕೆ ಹಣೆ ಮುಟ್ಟಿಸಿದ.

"ಗೆದ್ದೋರೂ ನೀವೇ ಭಾವ, ಸೋತ್ರೆ ಬೋಳಿಸ್ತೀನಿ ಅಂದ ಮಾತು ಉಳಿಸ್ಕೊಂಡೋರೂ ನೀವೇ!"