ಒಂದು ಫ್ಯಾನಿಗೆ ಎಂಟು ಪತ್ರ ಬರೆದ ಪರಿಶೀಲಕರಿಗೆ

ಮಾನ್ಯರೇ,

ಕಟಪಾಡಿಯಿಂದ ಡೆನಿಸ್ ಮಾಡುವ ವಂದನೆಗಳು. ತಾವು ಯಾವ ದೇಶದಲ್ಲಿದ್ದೀರಿ, ಅಲ್ಲಿ ಈಗ ಬೆಳಿಗ್ಗೆಯೋ ಸಂಜೆಯೋ, ತಮ್ಮ ಊಟವಾಯಿತೋ ಇಲ್ಲವೋ ಒಂದೂ ನನಗೆ ತಿಳಿಯದು. ಆದರೂ ಕಳೆದ ಐದು ತಿಂಗಳಲ್ಲಿ ತಮ್ಮಿಂದ ಬಂದಷ್ಟು ಪತ್ರಗಳು ನನ್ನ ಸ್ವಂತ ಅಣ್ಣನಿಂದ ಮೂವತ್ತು ವರ್ಷದಲ್ಲಿ ಬಂದಿಲ್ಲವಾದ್ದರಿಂದ, ತಮ್ಮನ್ನು ಮನೆಯವರೆಂದೇ ಭಾವಿಸಿ, ತಮಗೂ ತಮ್ಮ ಕುಟುಂಬಕ್ಕೂ, ವಿಶೇಷವಾಗಿ ತಮ್ಮ ಕಣ್ಣುಗಳಿಗೂ ಆರೋಗ್ಯವನ್ನು ಕೋರಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಪತ್ರ ಬಹಿರಂಗವಾದ ಮೇಲೆ ನಾವಿಬ್ಬರೂ ಯಾರೆಂದು ಓದುಗರಿಗೆ ಹೇಳಬೇಕಲ್ಲ. ಕಂಪ್ಯೂಟರಿನೊಳಗೆ ಕೂತು ಎಲ್ಲವನ್ನೂ ನಡೆಸುವ ಕರ್ನೆಲ್ ಎಂಬ ಮೂಲ ತಂತ್ರಾಂಶವೊಂದು ಉಂಟು. ಅದರಲ್ಲಿ ಲ್ಯಾಪ್‌ಟಾಪಿನ ಭಾಗಗಳನ್ನು ನೋಡಿಕೊಳ್ಳುವ ಡ್ರೈವರ್ ಎಂಬುದುಂಟು. ಆ ಡ್ರೈವರಿಗೆ ಯಾರಾದರೂ ಬದಲಾವಣೆ ಸೂಚಿಸಿದರೆ ಅದನ್ನು ಒಳಗೆ ಬಿಡುವ ಅಥವಾ ಬಾಗಿಲಲ್ಲೇ ನಿಲ್ಲಿಸುವ ಮಹನೀಯರು ತಾವು. ನಾನಾದರೋ ಹೊಟ್ಟೆಪಾಡಿಗೆ ಬೋಟಿನ ಎಂಜಿನ್ ರಿಪೇರಿ ಮಾಡುತ್ತ, ಹೆಸರಿಗಾಗಿ ಕಾಪುವಿನಿಂದ ಕಾರ್ಕಳದವರೆಗೆ ನಮ್ಮ ಕ್ರೈಸ್ತರ ಮದುವೆಗಳಲ್ಲಿ ಮೈಕ್ ಹಿಡಿದು, ವಧೂವರರಿಗೆ ಶುಭ ಕೋರುವ ಟೋಸ್ಟ್ ಎಂಬ ಭಾಷಣ ಹೇಳುತ್ತ ಬಂದವನು. ಎರಡು ವರ್ಷದ ಹಿಂದೆ ಮಣಿಪಾಲದಲ್ಲಿ ನನ್ನ ಧ್ವನಿಪೆಟ್ಟಿಗೆಯನ್ನು ತೆಗೆದು ಜೀವ ಉಳಿಸಿದರು. ಆಮೇಲೆ ಒಂದು ಧರ್ಮಾರ್ಥ ಸಂಸ್ಥೆಯವರು ನನ್ನಂಥ ಇಪ್ಪತ್ತಮೂರು ಮಂದಿಗೆ ಒಂದೇ ಮಾದರಿಯ ಲ್ಯಾಪ್‌ಟಾಪ್ ಕೊಟ್ಟರು. ನಾವು ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದುತ್ತದೆ. ಫೋನಿನಲ್ಲಿ ಅದೇ ಕೆಲಸ ಆಗುವುದಿಲ್ಲವೇ ಎಂದು ತಾವು ಕೇಳುವ ಮೊದಲೇ ಹೇಳುತ್ತೇನೆ, ಎಂಜಿನ್ ಬಿಚ್ಚಿ ದಪ್ಪವಾದ ನನ್ನ ಬೆರಳು ಫೋನಿನಲ್ಲಿ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ನಾನು ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆದರೆ ಲ್ಯಾಪ್‌ಟಾಪಿನೊಳಗಿನ ಹೆಣ್ಣುಧ್ವನಿ ಅದನ್ನು ರೈಲ್ವೇ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಓದುತ್ತದೆ. ಮನೆಯಲ್ಲಿ ಇನ್ನೊಬ್ಬಳು ತನ್ನ ಮೇಲೆ ರೇಗುವುದು ನನ್ನ ಹೆಂಡತಿ ಆಲಿಸ್‌ಗೆ ಮೊದಮೊದಲು ಕಷ್ಟವಾಯಿತು, ಈಗ ಅಭ್ಯಾಸವಾಗಿದೆ.

ತೊಂದರೆ ಏನೆಂದರೆ, ಆ ಲ್ಯಾಪ್‌ಟಾಪಿನ ಫ್ಯಾನು ತಿರುಗುತ್ತಿರಲಿಲ್ಲ. ಹನ್ನೊಂದು ನಿಮಿಷಕ್ಕೆ ಕಾದು ಕೆಂಡವಾಗಿ ತಾನೇ ಆರಿಹೋಗುತ್ತಿತ್ತು. ಹಾಗಾಗಿ ನಮ್ಮ ಮನೆಯ ಎಲ್ಲ ಜಗಳಗಳೂ ಹನ್ನೊಂದನೇ ನಿಮಿಷಕ್ಕೆ ಆಲಿಸ್‌ಳ ಪರವಾಗಿ ಮುಗಿಯುತ್ತಿದ್ದವು. ಮೀನು ತರುವ ಕಮಲಕ್ಕ ಒಮ್ಮೆ ಅದರ ಬೆನ್ನು ಮುಟ್ಟಿ ನೋಡಿ, "ಎಂತ ಮಾರಾಯ್ರೆ ಇದು, ಬಾಳೆಲೆಯಲ್ಲಿ ಸುತ್ತಿ ಇಟ್ಟರೆ ಬಂಗುಡೆ ಬೇಯ್ತದೆ ಅಲ್ವಾ" ಎಂದು ಕೈ ಹಿಂತೆಗೆದುಕೊಂಡರು. ಕಾರ್ಕಳದ ನಿವೃತ್ತ ಟೀಚರ್ ಆಂಜೆಲಾ ಅವರದ್ದೂ ಅದೇ ಲ್ಯಾಪ್‌ಟಾಪ್. ಜಪಮಾಲೆಯ ಪ್ರಾರ್ಥನೆಯಲ್ಲಿ ರಹಸ್ಯಗಳೆಂಬ ಐದು ಭಾಗಗಳುಂಟು; ಯಂತ್ರದಿಂದ ಹೇಳಿಸುವ ಅವರ ಜಪಮಾಲೆ ಎರಡು ರಹಸ್ಯ ದಾಟಿ ಮೂರನೆಯದಕ್ಕೆ ಹೋದದ್ದೇ ಇಲ್ಲವಂತೆ.

ಕಟಪಾಡಿ ಜಂಕ್ಷನ್ನಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ವಲೇರಿಯನ್ ಇದರ ಮೂಲ ಹುಡುಕಿದ. ಯಾವ ಯಾವ ಮಾದರಿಗೆ ಫ್ಯಾನು ಉಂಟು ಎಂಬ ಪಟ್ಟಿ ತಮ್ಮ ಡ್ರೈವರಿನಲ್ಲಿ ಇದೆ, ಆ ಪಟ್ಟಿಯಲ್ಲಿ ನಮ್ಮ ಮಾದರಿಯ ಹೆಸರಿಲ್ಲ. ಹೆಸರಿಲ್ಲದ ಮೇಲೆ ಫ್ಯಾನು ಇದ್ದೂ ಇಲ್ಲ. ವಲೇರಿಯನ್ ಒಂದು ಸಾಲು ಸೇರಿಸಿದ, ಒಂದೇ ಸಾಲು, ಸಂಸ್ಥೆಯವರ ಒಪ್ಪಿಗೆ ಪಡೆದು ಪ್ರಯೋಗಕ್ಕೆಂದು ನನ್ನ ಯಂತ್ರಕ್ಕೆ ಮಾತ್ರ ಅದನ್ನು ಹಾಕಿದ. ಫ್ಯಾನು ತಿರುಗಿತು. ಉಳಿದ ಇಪ್ಪತ್ತೆರಡು ಮಂದಿಯ ಯಂತ್ರಕ್ಕೆ ಹೋಗಬೇಕಾದರೆ ಅದು ತಮ್ಮ ಕೈಯಿಂದಲೇ ಮಂಜೂರಾಗಿ ಬರಬೇಕಿತ್ತು. ಆದ್ದರಿಂದ ಆ ಸಾಲನ್ನು ತಮ್ಮ ಸನ್ನಿಧಿಗೆ ಕಳುಹಿಸಿದೆವು.

ಮಾನ್ಯರೇ, ತಮ್ಮ ಶ್ರದ್ಧೆಯನ್ನು ಹೊಗಳಲು ನನ್ನ ಬಳಿ ಧ್ವನಿ ಇದ್ದಿದ್ದರೂ ಸಾಲುತ್ತಿರಲಿಲ್ಲ. ಮೊದಲ ಪತ್ರದಲ್ಲಿ ಸಾಲಿನ ಆರಂಭದಲ್ಲಿ ಬಿಟ್ಟ ಜಾಗ ಸರಿಯಿಲ್ಲವೆಂದಿರಿ, ಸರಿಪಡಿಸಿದೆವು. ಎರಡನೆಯದರಲ್ಲಿ ಹೆಸರು ಅಕಾರಾದಿಯಲ್ಲಿ ಬರಬೇಕೆಂದಿರಿ, ಮೂರನೆಯದರಲ್ಲಿ ಪಟ್ಟಿಯೇ ಅಕಾರಾದಿಯಲ್ಲಿಲ್ಲವಾದ್ದರಿಂದ ಕೊನೆಗೇ ಇರಲಿ ಎಂದಿರಿ. ನಾಲ್ಕನೆಯದರಲ್ಲಿ ಈ ಲ್ಯಾಪ್‌ಟಾಪಿನಲ್ಲಿ ಫ್ಯಾನು ಇರುವುದು ಖಚಿತವೇ ಎಂದು ವಿಚಾರಿಸಿದಿರಿ. ವಲೇರಿಯನ್ ಅದನ್ನು ಬಿಚ್ಚಿ ಫ್ಯಾನಿನ ಫೋಟೋ ಕಳುಹಿಸಿದರೆ, ತಮ್ಮಲ್ಲಿ ಚಿತ್ರ ಕಳುಹಿಸುವ ಕ್ರಮವಿಲ್ಲ, ಬರಹದಲ್ಲಿ ತಿಳಿಸಿ ಎಂದು ಐದನೆಯ ಪತ್ರ ಬಂತು. ಆ ಬಡಪಾಯಿ ಫ್ಯಾನಿನ ಎಲೆಗಳನ್ನು ಎಣಿಸಿ ಹನ್ನೆರಡು ವಾಕ್ಯಗಳಲ್ಲಿ ವರ್ಣಿಸಿದ. ವರ್ಣನೆ ದೀರ್ಘವಾಯಿತೆಂದು ಆರನೆಯ ಪತ್ರ ಬಂತು. ಇದನ್ನು ಮಾತು ಕಳೆದುಕೊಂಡ ಇಪ್ಪತ್ತಮೂರು ಮಂದಿ ಬಳಸುತ್ತಿದ್ದಾರೆ ಎಂದು ಅವನು ಬದಲಾವಣೆಯ ವಿವರಣೆಯಲ್ಲಿ ಒಂದು ವಾಕ್ಯ ಬರೆದಿದ್ದ. ಅದು ಅಪ್ರಸ್ತುತ, ತೆಗೆಯಿರಿ ಎಂಬುದು ಏಳನೆಯ ಪತ್ರ. ತೆಗೆದೆವು. ಅಂದು ನನಗೆ ಬಹಳ ಸಿಟ್ಟು ಬಂದಿತ್ತು, ಟೈಪ್ ಮಾಡಿ ಯಂತ್ರದಿಂದ ಬೈಸಿದೆ, ಆ ಹೆಣ್ಣುಮಗಳು ಅದನ್ನೂ ಬಹಳ ಸೌಮ್ಯವಾಗಿ ಓದಿದಳು.

ಇಂಥ ದೃಷ್ಟಿಯುಳ್ಳವರು ಒಂದು ಡ್ರೈವರಿಗಷ್ಟೇ ಸೀಮಿತವಾಗಿರುವುದು ನಮ್ಮ ಜಿಲ್ಲೆಗೆ ನಷ್ಟವೆಂದು ನನ್ನ ಅಭಿಪ್ರಾಯ. ತಾವು ಒಮ್ಮೆ ಇತ್ತ ಬಂದು ಉಡುಪಿ ಕಾರ್ಕಳ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುವ ಮೊದಲು ಕಾರಣವನ್ನು ಚಿಕ್ಕದಾಗಿ ಬರೆದು ಕೊಡುವಂತೆ ಆದೇಶಿಸಬೇಕು. ಕಾಪುವಿನ ಕಡಲಿನ ಅಲೆಗಳು ದಡಕ್ಕೆ ಸಮಾನ ಅಂತರದಲ್ಲಿ ಬರುತ್ತಿಲ್ಲ, ಅವನ್ನು ಹಿಂದಕ್ಕೆ ಕಳುಹಿಸಿ ಮತ್ತೊಮ್ಮೆ ಬರಹೇಳಬೇಕು. ಬನ್ನಂಜೆಯಲ್ಲಿ ತಂಗಲು ರೂಮು ನೋಡಿದ್ದೇನೆ. ಅದರಲ್ಲಿ ಫ್ಯಾನು ಉಂಟು, ಆದರೆ ತಾವು ಖಚಿತಪಡಿಸಿಕೊಳ್ಳುವ ತನಕ ಸ್ವಿಚ್ ಹಾಕುವುದಿಲ್ಲ.

ಇನ್ನು ಎಂಟನೆಯ ಪತ್ರ. ಅದು ಗುರುವಾರ ಬಂತು. ಬದಲಾವಣೆ ಹಾಕದ ಸ್ಥಿತಿಯಲ್ಲಿ ಯಂತ್ರವನ್ನು ಮೂರು ದಿನ ಎಂದಿನಂತೆ ಬಳಸಿ, ಅದರ ಉಷ್ಣತೆಯ ದಾಖಲೆಯನ್ನು ಭಾನುವಾರದೊಳಗೆ ಕಳುಹಿಸಬೇಕು, ತಪ್ಪಿದರೆ ಮುಂದಿನ ಸರದಿ ಹತ್ತು ವಾರದ ಮೇಲೆ ಎಂದು ತಾವು ಬರೆದಿದ್ದಿರಿ. ಶನಿವಾರ ಸಂಜೆ ನನ್ನ ಒಬ್ಬಳೇ ಮಗಳು ವನೆಸ್ಸಾಳ ರೋಸ್. ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಹರಸುವ ನಮ್ಮ ಶಾಸ್ತ್ರ ಅದು; ನಮ್ಮ ಮನೆಯಲ್ಲಿ ಅಪ್ಪನ ಮಾತಾಗದೆ ಯಾರೂ ಹಾಲಿಗೆ ಕೈ ಹಾಕುವುದಿಲ್ಲ. ವಲೇರಿಯನ್ ಬೇಡ ಎಂದ, ಹತ್ತು ವಾರ ಹೋಗಲಿ ಎಂದ. ನನಗೆ ಮೂರನೆಯ ರಹಸ್ಯಕ್ಕೆ ತಲುಪದ ಆಂಜೆಲಾ ಟೀಚರ್ ನೆನಪಾದರು. ಯಂತ್ರ ಹನ್ನೊಂದು ನಿಮಿಷ ಬಾಳುತ್ತದೆ, ನನ್ನ ಮಾತು ಆರು ನಿಮಿಷದ್ದು, ಧಾರಾಳವಾಯಿತು ಎಂದು ಬರೆದು ತೋರಿಸಿದೆ. ಹಾಗೆ ತಮ್ಮ ಅಪ್ಪಣೆಯಂತೆ, ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ನಾವೇ ನಿಲ್ಲಿಸಿದೆವು.

ಇಲ್ಲಿ ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಮೊದಲು ಮಗಳಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸು, ವಂದನೆ ಆಮೇಲೆ ಎಂದು ವಲೇರಿಯನ್ ಎರಡು ಸಲ ಎಚ್ಚರಿಸಿದ್ದ. ಆದರೆ ಮೂವತ್ತು ವರ್ಷ ಮೈಕ್ ಹಿಡಿದವನ ಚಾಳಿ ಬಿಟ್ಟೀತೇ. ನಾನು ಇಗರ್ಜಿಯ ಧರ್ಮಗುರುಗಳಿಂದ ಶುರುಮಾಡಿ, ವಾರ್ಡಿನ ಮುಖಂಡರಾದ ಗುರ್ಕಾರರು, ಸೋದರಮಾವಂದಿರು, ನೆರೆಕರೆಯವರು, ಅಡಿಗೆಯವರು, ಬ್ಯಾಂಡಿನವರು ಎಂದು ಒಬ್ಬರನ್ನೂ ಬಿಡದೆ ವಂದಿಸಿದೆ. ಅಂಗಳದಲ್ಲಿ ಶಾಮಿಯಾನ, ಮೇಲಿನಿಂದ ವೀಡಿಯೋದವರ ದೀಪ, ಮನೆಯ ನೆರಳಿನ ಹನ್ನೊಂದು ನಿಮಿಷ ಅಲ್ಲಿ ನಡೆಯುವುದಿಲ್ಲವೆಂದು ನನಗೆ ಹೊಳೆಯಲಿಲ್ಲ. ಕೊನೆಗೆ ಯಂತ್ರ "ವನೆಸ್ಸಾ, ನನ್ನ ಮಗಳೇ, ನೀನು" ಎಂದಿತು, ಆರಿಹೋಯಿತು. ಮಾತು ಮುಗಿಯಿತೆಂದು ತಿಳಿದು ಬ್ಯಾಂಡಿನವರು ಬಾರಿಸಲು ತೊಡಗಿದರು, ಜನ ಚಪ್ಪಾಳೆ ತಟ್ಟಿದರು. ಮಣೆಯ ಮೇಲೆ ಕೂತಿದ್ದ ಮಗಳೊಬ್ಬಳು ಮಾತ್ರ ಮುಖ ಎತ್ತಿ, ಮುಂದೆ ಏನೋ ಉಂಟು ಎಂದು ನನ್ನನ್ನೇ ನೋಡುತ್ತ ಕಾದಳು. ನಾನು ಬಾಯಿ ತೆರೆದೆ. ಧ್ವನಿಯಿಲ್ಲದ್ದು ಎರಡು ವರ್ಷದಲ್ಲಿ ಅಭ್ಯಾಸವಾಗಿದ್ದರೂ, ಆ ಹೊತ್ತಿಗೆ ಮರೆತೇಹೋಗಿತ್ತು. ಆಲಿಸ್ ಬಂದು ನನ್ನ ಕೈ ಹಿಡಿದು ಹಾಲಿನ ಬಟ್ಟಲಿಗೆ ಅದ್ದಿಸಿದಳು.

ಆ ದಾಖಲೆಯನ್ನು ವಲೇರಿಯನ್ ಭಾನುವಾರ ತಮಗೆ ಕಳುಹಿಸಿದ. ಶನಿವಾರ ಸಂಜೆ ಏಳು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಉಷ್ಣತೆ ಮಿತಿಮೀರಿ ಯಂತ್ರ ತಾನಾಗಿ ಆರಿದ್ದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಸೋಮವಾರವೇ ತಾವು ಉತ್ತರಿಸಿದಿರಿ: ಬಹಳ ಉತ್ತಮ ಸಾಕ್ಷ್ಯ, ಸ್ವೀಕರಿಸಲಾಗಿದೆ, ಧನ್ಯವಾದ. ಇಷ್ಟು ಮೆಚ್ಚುಗೆಯ ಮಾತನ್ನು ತಾವು ಈ ಐದು ತಿಂಗಳಲ್ಲಿ ಯಾರಿಗೂ ಬರೆದದ್ದಿಲ್ಲ ಎಂದು ವಲೇರಿಯನ್ ಹೇಳಿದ. ಈಗ ಇಪ್ಪತ್ತಮೂರು ಫ್ಯಾನುಗಳೂ ತಿರುಗುತ್ತಿವೆ, ಆಂಜೆಲಾ ಟೀಚರ್ ಐದೂ ರಹಸ್ಯ ಮುಗಿಸಿ ತಮ್ಮ ಹೆಸರಿನಲ್ಲೂ ಒಂದು ಪ್ರಾರ್ಥನೆ ಹೇಳುತ್ತಿದ್ದಾರೆ. ಅವರ ಮನಸ್ಸು ದೊಡ್ಡದು. ನನ್ನದಕ್ಕೆ ಇನ್ನೂ ಸ್ವಲ್ಪ ಸಮಯ ಬೇಕು.

ಇಷ್ಟಾದರೂ ಹೇಗೋ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಡೆನಿಸ್
ಕಟಪಾಡಿ

ತಾ.ಕ.: ಸ್ವೀಕೃತವಾದ ಆ ಒಂದು ಸಾಲಿನ ವಿವರಣೆಯ ಕೆಳಗೆ, ಪದ್ಧತಿಯಂತೆ, 'ಪರೀಕ್ಷಿಸಿದವರು: ಡೆನಿಸ್, ಕಟಪಾಡಿ' ಎಂದು ತಾವು ಸೇರಿಸಿದ್ದೀರಿ. ಅದರಲ್ಲಿ ಒಂದು ತಪ್ಪು ನುಸುಳಿದೆ. ಒಮ್ಮೆ ಒಳಗೆ ಸೇರಿದ್ದನ್ನು ತಿದ್ದಲಿಕ್ಕೆ ಬರುವುದಿಲ್ಲ ಎಂದು ವಲೇರಿಯನ್ ಹೇಳುತ್ತಾನೆ, ಆದರೂ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಆ ಸಂಜೆ ನಾನು ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ಮಗಳನ್ನು ಹರಸುತ್ತಿದ್ದೆ.