ಹಿತ್ತಲ ಹೆದ್ದಾರಿ

ಹೆಂಡತಿ: ಹಾಗಾದ್ರೆ ಒಂದೇ ಮಾತಲ್ಲಿ ಹೇಳಿ. ನೀವು ಹಾಕ್ತಿರೋ ತಂತಿ ಬೇಲಿ ಒಳ್ಳೇದಾ, ಕೆಟ್ಟದ್ದಾ?

ಮೇಸ್ತ್ರಿ: ಒಳ್ಳೇದು. ಅದರಲ್ಲಿ ಎರಡು ಮಾತಿಲ್ಲ.

ಹೆಂಡತಿ: ಹಾಗಿದ್ಮೇಲೆ ನಾಳೆಯಿಂದ ನಾನ್ಯಾಕೆ ಬೈಕ್ ಬಿಟ್ಟು ಬಸ್ಸಲ್ಲಿ ಹೋಗ್ಬೇಕು?

ಮೇಸ್ತ್ರಿ: ಅದು ಬೇರೆ, ಇದು ಬೇರೆ.

ಹೆಂಡತಿ: ಯಾವುದು ಅದು, ಯಾವುದು ಇದು?

ಮೇಸ್ತ್ರಿ: ಅದು ಕೆಲಸದ ಮಾತು. ಇದು ಮನೆ ಮಾತು.

ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ನಡೆಯುತ್ತಿದ್ದ ಈ ವಾದಕ್ಕೆ ಒಂದು ಹಿನ್ನೆಲೆಯಿದೆ. ಗಂಡ ಹೆದ್ದಾರಿಯ ನಡುವೆ ತಂತಿ ಬೇಲಿ ಎಳೆಯುವ ತಂಡದ ಮೇಸ್ತ್ರಿ. ಈ ಕಡೆಯ ಕಾರು ದಾರಿ ತಪ್ಪಿ ಆ ಕಡೆಗೆ ನುಗ್ಗದಂತೆ ತಡೆಯುವುದು ಅವನ ಬೇಲಿಯ ಕೆಲಸ. ಹೆಂಡತಿ ಬೈಕುಗಳ ಹರಿದ ಸೀಟಿಗೆ ಹೊಸ ಸ್ಪಂಜು ತುಂಬಿ ಹೊದಿಕೆ ಹೊಲಿಯುವವಳು. ಅಂಗಡಿ ಊರಾಚೆ, ಅದೇ ಹೆದ್ದಾರಿಯ ಪಕ್ಕ. ಅವಳು ದಿನಾ ಹೋಗಿಬರುವುದು ಬೈಕಿನಲ್ಲಿ. ಗಂಡನ ಬೇಲಿ ಈಗ ಅವಳ ದಾರಿಯ ತಿರುವಿಗೇ ಬಂದು ನಿಂತಿದೆ.

ಇಷ್ಟೇ ಆಗಿದ್ದರೆ ಕಾಫಿ ಕುಡಿಯುವುದರೊಳಗೆ ಜಗಳ ಮುಗಿಯುತ್ತಿತ್ತು. ಆದರೆ ಅದೇ ದಿನ ಮಧ್ಯಾಹ್ನ ಬೈಕ್ ಸವಾರರ ಸಭೆ. ಬೇಲಿಯಿಂದ ಸವಾರರಿಗೆ ಏನೂ ತೊಂದರೆಯಿಲ್ಲವೆಂದು ಅಲ್ಲಿ ಹೇಳಿ ಬಾ ಎಂದು ದೊಡ್ಡ ಇಂಜಿನಿಯರು ಮೇಸ್ತ್ರಿಯನ್ನು ಒಪ್ಪಿಸಿದ್ದರು. ಸವಾರರ ಪರವಾಗಿ ಮಾತಾಡಲು ಒಪ್ಪಿಕೊಂಡಿದ್ದವಳು ಮೇಸ್ತ್ರಿಯ ಹೆಂಡತಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಈ ಮನೆಯಲ್ಲಿ ಎತ್ತು ಯಾರು, ಕೋಣ ಯಾರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಹೆಂಡತಿ: ಸಭೇಲಿ ಬೈಕಿನವರಿಗೆಲ್ಲ ಧೈರ್ಯ ಹೇಳ್ತೀರಿ, ಮನೇಲಿ ಹೆಂಡ್ತಿಗೆ ಬಸ್ಸು ಹತ್ತು ಅಂತೀರಿ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂದ್ರೆ ಇದೇ ಅಲ್ವಾ?

ಮೇಸ್ತ್ರಿ: ನನ್ನ ಬೇಲಿ ಇಲ್ದೆ ಇದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡು. ಆ ಕಡೆಯಿಂದ ನಿದ್ದೆಗಣ್ಣಲ್ಲಿ ಒಬ್ಬ ಕಾರು ನುಗ್ಗಿಸಿದ್ರೆ ನಿನ್ನ ಬೈಕಿನ ಮೇಲೇ ಬರ್ತಿದ್ದ. ನಿನ್ನನ್ನೂ ಕಾಯೋದು ಆ ತಂತಿನೇ.

ಹೆಂಡತಿ: ಕಾರಿನವನಿಂದ ನನ್ನ ಕಾಯುತ್ತೆ, ಒಪ್ಪಿದೆ. ನಾನೇ ಜಾರಿ ಬಿದ್ದು ಅದರ ಮೇಲೆ ಹೋದ್ರೆ? ಬೆಣ್ಣೆ ಮೇಲೆ ದಾರ ಎಳೆದ ಹಾಗೆ ಆಗುತ್ತೆ.

ಮೇಸ್ತ್ರಿ: ಅದೇ ತಪ್ಪು ತಿಳುವಳಿಕೆ. ಹೆಬ್ಬೆರಳು ದಪ್ಪ ಇದೆ ಆ ತಂತಿ. ಅದು ಹಗ್ಗ, ಚಾಕು ಅಲ್ಲ. ಬೇಕಾದ್ರೆ ಅಮ್ಮನ್ನ ಕೇಳು.

ಅಮ್ಮನನ್ನು ಕೇಳಲು ಕಾರಣವಿತ್ತು. ಹೆದ್ದಾರಿಯಲ್ಲಿ ಉಳಿದ ತುಂಡು ತಂತಿಯನ್ನು ಮೇಸ್ತ್ರಿ ಮನೆಗೆ ತಂದು, ಹಿತ್ತಲಿನಲ್ಲಿ ಕಬ್ಬಿಣದ ಕಂಬ ನೆಟ್ಟು, ಒಂದರ ಕೆಳಗೊಂದರಂತೆ ಸಾಲುಸಾಲಾಗಿ ಎಳೆದು, ಬಟ್ಟೆ ಒಣಗಿಸುವುದಕ್ಕೆಂದು ತಾಯಿಗೆ ಒಪ್ಪಿಸಿದ್ದ. ಕಾರು ತಡೆಯುವ ಬಿಗಿಯಲ್ಲಿ ಎಳೆದ ತಂತಿ ಅದು. ಮುಟ್ಟಿದರೆ ತಂಬೂರಿಯ ಹಾಗೆ ನಾದ ಬರುತ್ತದೆ. ಆದರೆ ಅದರ ದಪ್ಪಕ್ಕೆ ಬಟ್ಟೆ ಕ್ಲಿಪ್ಪು ಬಾಯಿ ತೆರೆಯುವುದಿಲ್ಲ. ಮುದುಕಿ ಅಂಗಿಯ ತೋಳುಗಳನ್ನೇ ತಂತಿಗೆ ಗಂಟು ಹಾಕಿ ಒಣಗಿಸುತ್ತಾಳೆ. ಒಣಗಿದ ಮೇಲೆ ಗಂಟು ಬಿಚ್ಚಲು ಹಲ್ಲು ಬೇಕು, ಹಲ್ಲು ಅವಳಿಗಿಲ್ಲ.

ಅತ್ತೆ: ನನ್ನ ಕೇಳ್ಬೇಡಿ. ಆ ತಂತಿ ಕಟ್ಟಿದ್ಮೇಲೆ ಈವರೆಗೆ ಯಾವ ಕಾರೂ ನಮ್ಮ ಹಿತ್ತಲಿಗೆ ನುಗ್ಗಿಲ್ಲ. ಅಷ್ಟೇ ನಾನು ಹೇಳಬಲ್ಲೆ.

ಮೇಸ್ತ್ರಿಗೆ ಒಂದು ಯೋಚನೆ ಹೊಳೆಯಿತು. ಹಿತ್ತಲ ಬಾಗಿಲಿನಿಂದ ತಂತಿಯವರೆಗೆ ಸಿಮೆಂಟಿನ ಇಳಿಜಾರು. ಹೆಂಡತಿ ಸ್ಪಂಜಿನ ಸುರುಳಿ ಸಾಗಿಸುವ ನಾಲ್ಕು ಚಕ್ರದ ಗಾಡಿ ಮೂಲೆಯಲ್ಲಿತ್ತು. ಅದೇ ಕಾರು ಎಂದ. ಬಟ್ಟೆ ನೆನೆಸಿದ್ದ ಬಕೆಟ್ಟನ್ನು ಅದರ ಮೇಲಿಟ್ಟು, ಅದೇ ಕಾರಿನ ಯಜಮಾನ ಎಂದ. ಒಂದು ನೂಕು ನೂಕಿದ. ಗಾಡಿ ಗಡಗಡನೆ ಇಳಿದು ತಂತಿಗೆ ಓರೆಯಾಗಿ ಬಡಿಯಿತು. ತಂತಿ ಸ್ವಲ್ಪ ಹಿಂದೆ ಸರಿದು, ಗಾಡಿಯನ್ನು ತನ್ನ ಪಕ್ಕದಲ್ಲೇ ಸವರಿಕೊಂಡು ಹೋಗಿ ನಿಲ್ಲಿಸಿತು. ಬಕೆಟ್ಟು ಅಲುಗಾಡಿತೇ ಹೊರತು ಉರುಳಲಿಲ್ಲ.

ಮೇಸ್ತ್ರಿ: ನೋಡಿದ್ಯಾ? ಅಳೋ ಮಗುನ ಎತ್ಕೊಂಡ ಹಾಗೆ ಎತ್ಕೊಂತು. ಇದನ್ನೇ ಸಭೇಲಿ ಹೇಳ್ತೀನಿ.

ಹೆಂಡತಿ: ಇದು ಕಾರಾಯ್ತು. ಈಗ ಬೈಕಿನವಳ ಸರದಿ.

ಅವಳು ಒಳಗೆ ಹೋಗಿ ಅತ್ತೆಯ ಉದ್ದನೆಯ ದಿಂಬನ್ನು ಹೊತ್ತು ತಂದಳು. ಅದಕ್ಕೆ ತೊಡಿಸಲು ಗಂಡನ ಅಂಗಿ ಕೇಳಿದಳು. ಸಭೆಗೆಂದು ಇಸ್ತ್ರಿ ಮಾಡಿಸಿಟ್ಟದ್ದು, ಕೊಡಲಾರೆ ಎಂದ. ಹಳೆಯದಾದರೂ ಕೊಡಿ ಎಂದಳು. ಹಳೆಯ ಅಂಗಿಗಳ ಮೇಲೆ ಅವನಿಗೆ ಇನ್ನೂ ಪ್ರೀತಿ. ಕೊನೆಗೆ ಅವಳು ತಾನೇ ಹೊಲಿದುಕೊಂಡ ಸವಾರಿಯ ಜಾಕೆಟ್ಟನ್ನು ದಿಂಬಿಗೆ ತೊಡಿಸಿ, ತಲೆಯ ಕಡೆಗೆ ತನ್ನ ಹೆಲ್ಮೆಟ್ಟು ಕಟ್ಟಿದಳು. ದಿಂಬು ನೋಡಲು ಥೇಟ್ ಅವಳ ಹಾಗೇ ಕಂಡಿತು. ಹಾಗೆಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಅತ್ತೆ: ಅದು ನನ್ನ ದಿಂಬು ಕಣಮ್ಮ. ಅದಿಲ್ದೆ ನಂಗೆ ನಿದ್ದೆ ಬರಲ್ಲ.

ಹೆಂಡತಿ: ಒಂದು ಸಲ ಜಾರಿಸಿ ಕೊಟ್ಟುಬಿಡ್ತೀನಿ ಅತ್ತೆ. ಬಿದ್ದವರು ಬೈಕಿನ ಮೇಲೆ ಕೂತಿರಲ್ಲ, ರಸ್ತೆ ಮೇಲೆ ಜಾರ್ಕೊಂಡೇ ಹೋಗ್ತಾರೆ. ನೋಡ್ತಿರಿ, ತಂತಿ ಹೇಗೆ ಸೀಳುತ್ತೆ ಅಂತ.

ಮೇಸ್ತ್ರಿ: ನೋಡ್ತಿರು, ಹೇಗೆ ಸೀಳಲ್ಲ ಅಂತ.

ಹೆಂಡತಿ ಇಳಿಜಾರಿನ ಮೇಲೆ ಸೋಪಿನ ನೀರು ಸುರಿದಳು. ದಿಂಬನ್ನು ಮಲಗಿಸಿ ಎರಡೂ ಕೈಯಿಂದ ಜೋರಾಗಿ ನೂಕಿದಳು. ದಿಂಬು ಸೊಯ್ಯನೆ ಜಾರಿ, ತಂತಿಯ ಗೊಡವೆಗೇ ಹೋಗದೆ, ನೇರವಾಗಿ ಕಬ್ಬಿಣದ ಕಂಬದ ಅಂಚಿಗೆ ಹೋಗಿ ಬಡಿಯಿತು. ಚರ್ರೆಂದು ಶಬ್ದವಾಯಿತು. ಜಾಕೆಟ್ಟಿನ ಪಕ್ಕೆ ಬಿಚ್ಚಿಕೊಂಡು ಹತ್ತಿ ಹೊರಗೆ ಬಂತು. ಹೆಲ್ಮೆಟ್ಟು ಕಳಚಿ ಉರುಳುತ್ತಾ ಮೇಸ್ತ್ರಿಯ ಕಾಲ ಬಳಿ ಬಂದು ನಿಂತಿತು.

ಮೇಸ್ತ್ರಿ: ನಾನು ಹೇಳ್ಲಿಲ್ವಾ? ತಂತಿ ಮುಟ್ಟಲೇ ಇಲ್ಲ. ಒಂದು ಗೀರು ಕೂಡ...

ಗೆದ್ದೆನೆಂದು ಮೇಲೆತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕಂಬದ ಬುಡದಲ್ಲಿ ಬಿದ್ದಿದ್ದು ದಿಂಬು ಎಂದು ಅವನಿಗೆ ಗೊತ್ತು. ಆದರೆ ಅದು ತೊಟ್ಟಿದ್ದ ಜಾಕೆಟ್ಟು ದಿನಾ ಸಂಜೆ ಮನೆಯ ಬಾಗಿಲ ಹಿಂದಿನ ಗೂಟದಲ್ಲಿ ತೂಗುವುದು. ಅದು ತೂಗಿದ್ದು ಕಂಡರೆ ಹೆಂಡತಿ ಮನೆಗೆ ಬಂದಿದ್ದಾಳೆಂದು ಅರ್ಥ. ಅವನು ಹೆಲ್ಮೆಟ್ಟನ್ನು ಎತ್ತಿಕೊಂಡು ತೋಳಿನಿಂದ ಸೋಪು ಒರೆಸಿದ.

ಅತ್ತೆ: ಗಂಡ ಹೆಂಡ್ರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಈ ಮನೇಲಿ ದಿಂಬು ಬಡವಾಯ್ತು.

ಮೇಸ್ತ್ರಿ: ನೀನು ಬಸ್ಸಲ್ಲೇ ಹೋಗು ಕಣೆ. ನಂಗೆ ಭಯ ಆಗುತ್ತೆ. ಆ ತಿರುವಲ್ಲಿ ಒಂದೊಂದು ಕಂಬ ನೆಡೋವಾಗಲೂ ನಿನ್ನ ಬೈಕಿನ ಸದ್ದೇ ಕಿವೀಲಿ.

ಮದುವೆಯಾದಾಗಿನಿಂದ ಅವನು ಇಷ್ಟು ನೇರವಾಗಿ ಏನನ್ನೂ ಹೇಳಿರಲಿಲ್ಲ. ಹಾಗೆಂದು ಅವಳು ವಾದ ಬಿಟ್ಟುಕೊಡುವ ಹೆಣ್ಣಲ್ಲ.

ಹೆಂಡತಿ: ನನ್ನೊಬ್ಬಳನ್ನ ಬಸ್ ಹತ್ತಿಸಿಬಿಟ್ರೆ ಆಯ್ತಾ? ನಾನು ಸೀಟ್ ಹೊಲಿದುಕೊಟ್ಟವರೆಲ್ಲ ಅದೇ ತಿರುವಲ್ಲಿ ಹೋಗ್ತಾರೆ. ಅವರಿಗೂ ಮನೇಲಿ ಯಾರೋ ಕಾಯ್ತಿರ್ತಾರೆ.

ಹೇಳಿ ಅವಳು ಕಂಬದ ಬಳಿ ಹೋಗಿ ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಮಧ್ಯಾಹ್ನದ ಭಾಷಣವನ್ನು ವಾರವಿಡೀ ಬಾಯಿಪಾಠ ಮಾಡಿದ್ದಳು. ಅದರಲ್ಲಿ ಇದ್ದದ್ದೆಲ್ಲ ತಂತಿಗೆ ಬೈಗುಳ. ಕಂಬದ ಸುದ್ದಿ ಒಂದು ಸಾಲೂ ಇರಲಿಲ್ಲ.

ಹೆಂಡತಿ: ತಂತಿ ಪರಮ ಸಾಧು ಅಂತ ನಾನು ಈಗಲೂ ಒಪ್ಪಲ್ಲ. ಹಿತ್ತಲಿನ ನೂಕು ಬೇರೆ, ರಸ್ತೆ ವೇಗ ಬೇರೆ. ಆದ್ರೆ ದೊಡ್ಡ ಕಳ್ಳನ್ನ ಬಿಟ್ಟು ನಾನು ಚಿಕ್ಕವನ ಹಿಂದೆ ಓಡ್ತಿದ್ದೆ.

ಮೇಸ್ತ್ರಿ: ನಾನು ಇಬ್ಬರಿಗೂ ವಕೀಲನಾಗಿದ್ದೆ.

ಅತ್ತೆ: ಇಬ್ರೂ ಸೋತ್ರಿ, ಸಂತೋಷ. ನನ್ನ ದಿಂಬು ಹೊಲಿಯೋರು ಯಾರು?

ದಿಂಬು ಹೊಲಿಯಲು ಸೂಜಿ ತಂದ ಹೆಂಡತಿಗೆ ಬುದ್ಧಿಯೂ ಸೂಜಿಯ ಜೊತೆಗೇ ಬಂತು. ಮನೆಯಲ್ಲಿದ್ದ ಸೀಟಿನ ಸ್ಪಂಜಿನಿಂದ ಒಂದು ದಪ್ಪ ಪಟ್ಟಿ ಕತ್ತರಿಸಿ ಕಂಬಕ್ಕೆ ಸುತ್ತಿದಳು. ಮನುಷ್ಯರು ಕೂರುವ ಜಾಗಕ್ಕೆ ಮೆತ್ತೆ ಹಾಕುವ ನಾನು ಮನುಷ್ಯರು ಬಡಿಯುವ ಜಾಗಕ್ಕೆ ಹಾಕಬಾರದೇಕೆ ಎಂದಳು. ಮೇಸ್ತ್ರಿ ಒಂದರ ಹಿಂದೊಂದು ತಕರಾರು ತೆಗೆದ. ಬಿಸಿಲಿಗೆ ಸ್ಪಂಜು ಪುಡಿಯಾಗುತ್ತದೆ ಎಂದ, ಮಳೆಗೆ ನೆನೆಯುತ್ತದೆ ಎಂದ. ಗಟ್ಟಿ ಹೊದಿಕೆ ಹೊಲಿಯುತ್ತೇನೆ ಎಂದಳು.

ಮೇಸ್ತ್ರಿ: ಹೊಲಿದ್ರೆ ಸಾಲದು. ಕತ್ತಲಲ್ಲಿ ದೂರದಿಂದ ಕಾಣಬೇಕು. ದೀಪ ಬಿದ್ರೆ ಹೊಳೆಯೋ ಬಟ್ಟೆ ಬೇಕು. ಅದು ಸುಮ್ಮನೆ ಸಿಗೋದಲ್ಲ.

ಹೆಂಡತಿ: ನೀವು ಕೆಲಸಕ್ಕೆ ಹಾಕ್ಕೊಳ್ಳೋ ಕಿತ್ತಳೆ ಬಣ್ಣದ ಜಾಕೆಟ್ಟು ಹೊಳೆಯುತ್ತಲ್ಲ?

ಮೇಸ್ತ್ರಿ: ಹೊಳೆದು ಏನು ಬಂತು? ಅದನ್ನ ಹಾಕ್ಕೊಂಡು ರಸ್ತೇಲಿ ದಿನವಿಡೀ ಕೆಂಪು ಬಾವುಟ ಬೀಸ್ತೀನಿ, ನಿಧಾನ ಹೋಗ್ರಪ್ಪ ಅಂತ ಗಂಟಲು ಹರ್ಕೋತೀನಿ. ಒಬ್ಬನಾದ್ರೂ ನಿಧಾನ ಮಾಡ್ತಾನಾ? ಗೋಡೆಗೆ ಹೇಳಿದ ಹಾಗೆ.

ಹೇಳಿ ಅವನು ಸ್ನಾನಕ್ಕೆ ಹೋದ. ಕತ್ತರಿ ಕೈಯಲ್ಲಿರುವ ಹೆಂಗಸಿನ ಮುಂದೆ ಬಟ್ಟೆಯ ಗುಣಗಾನ ಮಾಡಿ ಸ್ನಾನಕ್ಕೆ ಹೋಗಬಾರದು. ಸೋಪು ತೊಳೆದುಕೊಳ್ಳುವಷ್ಟರಲ್ಲಿ ಹೊರಗೆ ಹೊಲಿಗೆ ಯಂತ್ರದ ಸದ್ದು ಕೇಳಿತು. ಟವೆಲ್ ಸುತ್ತಿಕೊಂಡು ಓಡಿ ಬಂದಾಗ ಹಿತ್ತಲ ಕಂಬ ಸ್ಪಂಜಿನ ಮೇಲೆ ಅವನ ಜಾಕೆಟ್ಟು ತೊಟ್ಟು ನಿಂತಿತ್ತು. ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ಮೇಸ್ತ್ರಿ ಎಂದು ಬರೆದದ್ದೂ ಹಾಗೇ ಇತ್ತು.

ಮೇಸ್ತ್ರಿ: ನಾಳೆ ನಾನೇನು ಹಾಕ್ಕೊಂಡು ಹೋಗಲಿ?

ಹೆಂಡತಿ: ಪ್ರೀತಿಯ ಹಳೆ ಅಂಗಿಗಳಿದಾವಲ್ಲ.

ಹೊಲಿದ ದಿಂಬನ್ನು ಮತ್ತೆ ಜಾರಿಸಿದರು. ಈ ಸಲ ನೂಕಿದವಳು ಅತ್ತೆ. ನನ್ನ ದಿಂಬು, ನಾನೇ ನೂಕುತ್ತೇನೆ ಎಂದು ಹಟ ಹಿಡಿದಿದ್ದಳು. ದಿಂಬು ಮೆತ್ತಗೆ ಡುಬ್ ಎಂದು ಬಡಿದು, ಪಕ್ಕಕ್ಕೆ ಹೊರಳಿ ಮಲಗಿತು. ಹೊಲಿಗೆ ಬಿಚ್ಚಲಿಲ್ಲ.

ಮಧ್ಯಾಹ್ನದ ಸಭೆಗೆ ಜನ ಕಿಕ್ಕಿರಿದು ಬಂದಿದ್ದರು. ಮೇಸ್ತ್ರಿಯೂ ಅವನ ಹೆಂಡತಿಯೂ ಎದುರುಬದುರು ಮಾತಾಡುತ್ತಾರೆಂದು ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಬಂದವರಿಗೆ ನಿರಾಸೆ ಕಾದಿತ್ತು. ಅವನು ಎದ್ದು, ಬೇಲಿ ಕಾರಿನವರಿಗೆ ಒಳ್ಳೆಯದು, ಆದರೆ ಬಿದ್ದ ಸವಾರನಿಗೆ ಕಂಬ ಯಮ ಎಂದ. ಅವಳು ಎದ್ದು, ಬೇಲಿ ಕೀಳುವುದು ಬೇಡ, ಕಂಬಗಳಿಗೆ ಮೆತ್ತೆ ಹಾಕಿ ಎಂದಳು. ಇಂಜಿನಿಯರು ಅವಳು ಕಂಬದಿಂದ ಬಿಚ್ಚಿ ತಂದಿದ್ದ ಮೆತ್ತೆಯನ್ನು ಹಿಂದೆಮುಂದೆ ತಿರುಗಿಸಿ, ಗುದ್ದಿ, ಕೊನೆಗೆ ತಿರುವಿನ ಒಂದು ಕಂಬಕ್ಕೆ ಹಾಕಿ ನೋಡೋಣ, ತಾಳಿದರೆ ಉಳಿದವಕ್ಕೂ ಮಾಡಿಸೋಣ ಎಂದರು. ಜಗಳ ನೋಡಲು ಬಂದಿದ್ದವರು ಬಿಸ್ಕತ್ತು ತಿಂದು ಎದ್ದು ಹೋದರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬೇಗ ಹೋಗಿ ತಿರುವಿನ ಕಂಬಕ್ಕೆ ತನ್ನ ಕೈಯಾರೆ ಜಾಕೆಟ್ಟಿನ ಮೆತ್ತೆ ತೊಡಿಸಿದ. ಹೊರಡುವ ಮೊದಲು ಹೆಂಡತಿಯ ಹೆಲ್ಮೆಟ್ಟನ್ನು ಒರೆಸಿ ಬೈಕಿನ ಮೇಲಿಟ್ಟಿದ್ದ. ಬಸ್ಸಿನ ಮಾತೆತ್ತಲಿಲ್ಲ.

ಸಂಜೆ ಅವನು ಮನೆಗೆ ಬಂದಾಗ ಬಾಗಿಲ ಹಿಂದಿನ ಗೂಟದಲ್ಲಿ, ಪಕ್ಕೆಗೆ ತೇಪೆ ಹಾಕಿದ ಜಾಕೆಟ್ಟು ತೂಗುತ್ತಿತ್ತು. ಅದನ್ನೊಮ್ಮೆ ಮುಟ್ಟಿ ನೋಡಿ, ಆಮೇಲೆ ಚಪ್ಪಲಿ ಬಿಟ್ಟ. ಅಂದು ಸೊಸೆಯ ಬೈಕಿನ ಹಿಂದೆ ಕೂತು ಅಂಗಡಿಗೆ ಹೋಗಿ ಬಂದಿದ್ದ ತಾಯಿ ಹೊಲಿದ ದಿಂಬಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು.

ಮೇಸ್ತ್ರಿ: ತಿರುವು ಹೇಗಿತ್ತಮ್ಮ?

ಅತ್ತೆ: ಚೆನ್ನಾಗಿತ್ತು ಕಣೋ. ಕಾರು, ಲಾರಿ, ಬೈಕು, ಬಂದವರೆಲ್ಲ ಅಲ್ಲಿ ನಿಧಾನ ಮಾಡಿ ಹೋದ್ರು.

ಮೇಸ್ತ್ರಿ: ನಿಧಾನ ಮಾಡಿದ್ರಾ? ಯಾಕೆ?

ಹೆಂಡತಿ: ದೂರದಿಂದ ನೋಡಿದ್ರೆ ನೀವೇ ನಿಂತ ಹಾಗೆ ಕಾಣುತ್ತೆ ರೀ. ಒಬ್ಬ ಲಾರಿಯವನಂತೂ ನಮಸ್ಕಾರ ಮೇಸ್ತ್ರಿ ಅಂತ ಕೈ ಎತ್ತಿ ಹೋದ.

ಮೇಸ್ತ್ರಿ: ನಾನು ಇಷ್ಟು ವರ್ಷ ಅದೇ ಜಾಕೆಟ್ ಹಾಕ್ಕೊಂಡು ರಸ್ತೇಲಿ ನಿಂತು ಕೂಗಿದೀನಿ. ಆಗ ಯಾಕೆ ಯಾರೂ ನಿಧಾನ ಮಾಡ್ಲಿಲ್ಲ?

ತಾಯಿ ಕಾಫಿಯ ಕೊನೆಯ ಗುಟುಕನ್ನು ನಿಧಾನವಾಗಿ ಮುಗಿಸಿ ಲೋಟ ಕೆಳಗಿಟ್ಟಳು.

ಅತ್ತೆ: ಆ ಕಂಬ ವಾದ ಮಾಡಲ್ಲವಲ್ಲಪ್ಪ.