ಮೂಗಿಗೆ ಮೂರೇ ದಿನದ ಗಡುವು

"ಮೂರೇ ಮೂರು ದಿನ! ಮೂರು ದಿನದೊಳಗೆ ಈ ಮೂಗಿಗೆ ಮೂಗುದಾರ ಹಾಕದಿದ್ದರೆ ನಾನು ಕತ್ತರಿ ಹಿಡಿಯುವುದನ್ನೇ ಬಿಡುತ್ತೇನೆ!"

ಹೀಗೆಂದು ನನ್ನ ಸಲೂನಿನ ತಿರುಗುವ ಕುರ್ಚಿಯ ಮೇಲೆ ನಿಂತು ಘೋಷಿಸಿದೆ. ಘೋಷಣೆಯ ರಭಸಕ್ಕೆ ಕುರ್ಚಿ ಅರ್ಧ ಸುತ್ತು ತಿರುಗಿತು. ಮಾತು ಮುಗಿಯುವಷ್ಟರಲ್ಲಿ ನನ್ನ ಮುಖ ಗೋಡೆಯ ಕಡೆಗಿತ್ತು.

"ಗೋಡೆಗೆ ಹೇಳಿದ್ದು ಸಾಕು, ಇಳೀರಿ," ಎಂದಳು ಹೆಂಡತಿ. "ಮೂರು ದಿನವೋ ಮೂರು ತಿಂಗಳೋ ಡಾಕ್ಟರು ಹೇಳ್ತಾರೆ. ನೀವ್ಯಾರು ಹೇಳೋಕೆ?"

ಅವಳು ಬಸ್ ಕಂಡಕ್ಟರ್. ಮಾತಿನಲ್ಲಿ ಚಿಲ್ಲರೆ ಉಳಿಸಿಕೊಳ್ಳುವ ಅಭ್ಯಾಸವೇ ಇಲ್ಲ, ಎಲ್ಲವನ್ನೂ ಅಲ್ಲಲ್ಲೇ ಕೊಟ್ಟುಬಿಡುತ್ತಾಳೆ!

ನನ್ನದು ಅಲರ್ಜಿಯ ಮೂಗು. ಹುಟ್ಟಿನಿಂದ ಬಂದದ್ದಲ್ಲ, ವೃತ್ತಿಯಿಂದ ಬಂದದ್ದು. ಇಪ್ಪತ್ತೆರಡು ವರ್ಷ ಊರವರ ತಲೆಗೂದಲಿನ ಚೂರು, ಹೆಗಲ ಮೇಲಿನ ಹೊಟ್ಟು, ಕುತ್ತಿಗೆಗೆ ಬಳಿದ ಪೌಡರಿನ ಧೂಳು ಎಲ್ಲವನ್ನೂ ಸೇವಿಸಿದ ಮೂಗು ಈಗ ಸೇಡು ತೀರಿಸಿಕೊಳ್ಳುತ್ತಿದೆ. ಒಂದು ಸೀನಿಗೆ ನಿಲ್ಲುವುದಿಲ್ಲ, ಏಳಾಗಲೇಬೇಕು. ಸೀನು ಬರುವ ಸುಳಿವು ಸಿಕ್ಕ ಕೂಡಲೇ ಕೈಯೆತ್ತಿ ಎರಡು ಹೆಜ್ಜೆ ಹಿಂದೆ ಹಾರುವುದು ನನಗೆ ಅಭ್ಯಾಸವಾಗಿತ್ತು. ಗಿರಾಕಿಗಳೂ ಹೊಂದಿಕೊಂಡಿದ್ದರು. ಆದರೆ ಅದೊಂದು ಭಾನುವಾರ ಸೀನು ಸುಳಿವೇ ಕೊಡಲಿಲ್ಲ. ಕುರ್ಚಿಯಲ್ಲಿ ಕೂತಿದ್ದವರು ಬ್ಯಾಂಡ್ ಮೇಷ್ಟ್ರು. ನನ್ನ ಕೈಯಲ್ಲಿದ್ದುದು ಟ್ರಿಮ್ಮರ್ ಮೆಷಿನ್. ಮೆಷಿನ್ ಇದ್ದುದು ಅವರ ಮೀಸೆಯ ತುದಿಯಲ್ಲಿ.

ಆಕ್ಷೀ!

ಕಣ್ಣು ಬಿಟ್ಟು ನೋಡಿದರೆ ಎಡಗಡೆ ಮೀಸೆ ಇತ್ತು. ಬಲಗಡೆ ಮೀಸೆಯ ನೆನಪು ಮಾತ್ರ ಇತ್ತು.

"ಆ ಕಡೇನೂ ಸಮ ಮಾಡ್ಲಾ ಸಾರ್?" ಎಂದೆ, ಧ್ವನಿ ತಗ್ಗಿಸಿ.

"ಇನ್ನೇನು ಮತ್ತೆ? ಅರ್ಧ ಮೀಸೆ ಇಟ್ಕೊಂಡು ಅರ್ಧ ಊರಿಗೆ ಬ್ಯಾಂಡ್ ಬಾರಿಸ್ಲಾ?"

ಮೂವತ್ತು ವರ್ಷದ ಮೀಸೆ ಮೂವತ್ತು ಸೆಕೆಂಡಿನಲ್ಲಿ ಮಾಯವಾಯಿತು. ಮನೆಗೆ ಹೋದರೆ ಅವರ ಮೊಮ್ಮಗಳು "ತಾತ ಮನೇಲಿಲ್ಲ, ಆಮೇಲೆ ಬನ್ನಿ" ಎಂದು ಬಾಗಿಲು ಹಾಕಿಕೊಂಡಳಂತೆ! ಮರುದಿನ ಬಂದು ಬ್ಯಾಂಡ್ ಮೇಷ್ಟ್ರು ನನಗೆ ಕೊನೆಯ ಎಚ್ಚರಿಕೆ ಕೊಟ್ಟರು: "ನೋಡಪ್ಪಾ, ನನ್ನ ಮೀಸೆ ಮತ್ತೆ ಬೆಳೆಯೋದ್ರೊಳಗೆ ನಿನ್ನ ಮೂಗು ಸರಿ ಮಾಡ್ಕೋ. ಇಲ್ಲಾಂದ್ರೆ ನಾನೂ ನನ್ನ ಹದಿನೆಂಟು ಜನ ವಾದ್ಯದವರೂ ಮೂಲೆ ಕಟಿಂಗ್ ಅಂಗಡಿಗೆ ಹೋಗ್ತೀವಿ."

ಹತ್ತೊಂಬತ್ತು ತಲೆಗಳು! ನಾನು ಕುರ್ಚಿ ಏರಿ ಮಾಡಿದ ಘೋಷಣೆಗೆ ಕಾರಣ ಇದು.

ಮೂಗಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, "ಒಳಗೆಲ್ಲ ಊದಿಕೊಂಡಿದೆ. ಸ್ಟೆರಾಯ್ಡ್ ಸ್ಪ್ರೇ ಬರೆದುಕೊಡ್ತೀನಿ," ಎಂದರು.

ಹೆಂಡತಿ ಹೌಹಾರಿದಳು. "ಸ್ಟೆರಾಯ್ಡಾ? ಆ ಜಿಮ್‌ನವರು ತಗೊಳ್ಳೋದಾ? ಇವರ ಮೂಗಿಗೆ ತೋಳು ಬಂದ್ಬಿಟ್ರೆ?"

"ಅದೇ ಬೇರೆ, ಇದೇ ಬೇರೆ ಅಮ್ಮಾ. ಇದು ಊತ ಇಳಿಸೋ ಔಷಧಿ. ಅಳತೆ ಮೀರದೆ, ಸರಿಯಾಗಿ ಬಳಸಿದ್ರೆ ಏನೂ ಭಯ ಇಲ್ಲ. ದಿನಾ ಬೆಳಿಗ್ಗೆ ಒಂದೊಂದು ಹೊಳ್ಳೆಗೆ ಎರಡೆರಡು ಸಲ. ಆದ್ರೆ ಇವತ್ತು ಹೊಡೆದು ಇವತ್ತೇ ಗುಣ ಆಗಲ್ಲ. ಪೂರ್ತಿ ಹಿಡಿತಕ್ಕೆ ಬರೋಕೆ ಎರಡು ವಾರ ಬೇಕು."

"ನನ್ನ ಟ್ರಿಪ್ಪಿಗೆ ಹೊತ್ತಾಯ್ತು. ಹೇಗೆ ಹೊಡ್ಕೋಬೇಕು ಅಂತ ಸರಿಯಾಗಿ ಕೇಳಿಸ್ಕೊಳ್ಳಿ," ಎಂದು ಹೆಂಡತಿ ಚೀಲ ಹೆಗಲಿಗೇರಿಸಿ ಹೊರಟಳು.

ಡಾಕ್ಟರಮ್ಮ ಹೇಳುತ್ತಾ ಹೋದರು. ನಾನು ತಲೆಯಾಡಿಸುತ್ತಾ ಹೋದೆ. ನಿಜ ಹೇಳುತ್ತೇನೆ, ನನ್ನ ಕಣ್ಣೆಲ್ಲ ಪಕ್ಕದಲ್ಲಿ ನಿಂತಿದ್ದ ಕಾಂಪೌಂಡರನ ತಲೆಯ ಮೇಲಿತ್ತು. ಎಡಗಿವಿಯ ಮೇಲೆ ಕತ್ತರಿ ಒಂದು ಬೆರಳು ಹೆಚ್ಚೇ ಓಡಿತ್ತು. ಹಿಂದುಗಡೆಯಂತೂ ಮೆಟ್ಟಿಲು ಮೆಟ್ಟಿಲು! ಯಾವ ಕೈಗೆ ಇಂಥ ಕೆಲಸ ಮಾಡಲು ಮನಸ್ಸು ಬಂತೋ ಎಂದು ನಾನು ಮರುಗುತ್ತಿರುವಾಗ ಡಾಕ್ಟರಮ್ಮ, "ಗೊತ್ತಾಯ್ತಲ್ಲ?" ಎಂದರು. "ಚೆನ್ನಾಗಿ ಗೊತ್ತಾಯ್ತು, ಮೂಲೆ ಅಂಗಡಿದೇ ಕೆಲಸ," ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೂ ಅವರು ಹೇಳಿದ್ದು ಅರ್ಥವಾಗಿರಲಿಲ್ಲ. ಲೆಕ್ಕ ಸಮವಾಯಿತು.

ಮೊದಲ ದಿನ ಅಂಗಡಿಯ ಕನ್ನಡಿಯೆದುರು ನಿಂತು ತಲೆಯನ್ನು ಪೂರಾ ಹಿಂದಕ್ಕೆ ಚೆಲ್ಲಿ, ಬಾಟಲಿಯನ್ನು ಮೂಗಿಗೆ ಬಂದೂಕಿನಂತೆ ಗುರಿಯಿಟ್ಟು, ಬುಸ್! ಬುಸ್! ಆಮೇಲೆ ಹುಬ್ಬು ನಡುಗುವಷ್ಟು ಜೋರಾಗಿ ಒಳಗೆಳೆದೆ. ಔಷಧಿ ಮೂಗಿಗೆ ನಮಸ್ಕಾರವನ್ನೂ ಹೇಳದೆ ನೇರ ಗಂಟಲಿಗಿಳಿದು ಕಹಿಯಾಯಿತು. ಐದು ನಿಮಿಷ ಕಾದೆ. ಏಳು ಸೀನು ಬಂದವು.

"ಎರಡು ಸಾಲಲ್ಲ," ಎಂದು ತೀರ್ಮಾನಿಸಿದೆ. ನನ್ನದು ಸಾಧಾರಣ ಮೂಗೇ? ಮರುದಿನ ಹೊಳ್ಳೆಗೆ ನಾಲ್ಕು ಸಲ. ಅದರ ಮರುದಿನ ಆರು! ಮೂರು ದಿನದ ಗಡುವು ಮುಗಿಯಿತು. ಸೀನು ಮುಗಿಯಲಿಲ್ಲ.

ಆಗ ನನಗೆ ನೆನಪಾದದ್ದು, ಎದುರು ಸಾಲಿನ ಸೈಕಲ್ ರಿಪೇರಿಯವನು ಹಿಂದೊಮ್ಮೆ ಹೇಳಿದ ಮಾತು: "ಸ್ಟೆರಾಯ್ಡಲ್ಲೇ ಸಣ್ಣ ಬಿಳಿ ಮಾತ್ರೆ ಬರುತ್ತೆ ಅಣ್ಣಾ. ಎರಡು ನುಂಗಿದ್ರೆ ಸೀನು ಊರು ಬಿಡುತ್ತೆ." ಔಷಧಿ ಅಂಗಡಿಗೆ ಓಡಿದೆ. ಆ ಅಂಗಡಿಯವರನ್ನು ನಾವೆಲ್ಲ ಕರೆಯುವುದು ಚೀಟಿಯಪ್ಪ ಎಂದೇ, ಏಕೆಂದರೆ ಅವರ ಬಾಯಲ್ಲಿ ಮೊದಲು ಬರುವುದು ಒಂದೇ ಮಾತು.

"ಚೀಟಿ ಎಲ್ಲಿ?"

"ಚೀಟಿ ಯಾಕೆ ಯಜಮಾನ್ರೇ? ನಿಮ್ಮ ತಲೆ ನಾನು ಚೀಟಿ ಕೇಳದೆ ಕತ್ತರಿಸ್ತೀನಲ್ಲ?"

"ನೀನು ತಪ್ಪು ಕತ್ತರಿಸಿದ್ರೆ ತಿಂಗಳಲ್ಲಿ ಬೆಳೆಯುತ್ತೆ. ನಾನು ತಪ್ಪು ಮಾತ್ರೆ ಕೊಟ್ರೆ? ಆ ಮಾತ್ರೆ ಮೂಗಲ್ಲಿ ನಿಲ್ಲಲ್ಲ ಕಣಯ್ಯಾ, ಮೈಯೆಲ್ಲ ಸುತ್ತುತ್ತೆ. ಸಕ್ಕರೆ ಏರುತ್ತೆ, ಬಿಪಿ ಏರುತ್ತೆ, ನಿದ್ದೆ ಕೆಡುತ್ತೆ. ತುಂಬಾ ದಿನ ತಗೊಂಡೋರು ತಟ್ಟಂತ ನಿಲ್ಲಿಸಿದ್ರೂ ಕಷ್ಟ. ಬೇಕಾದಾಗ ಡಾಕ್ಟರೇ ಅಳೆದು ಕೊಡ್ತಾರೆ. ಚೀಟಿ ತಾ, ಕೊಡ್ತೀನಿ."

ಮೂಗು ಮುರಿದುಕೊಂಡು ವಾಪಸು ಬಂದೆ. ಬಂದವನೇ ಆ ಸಿಟ್ಟಿಗೆ ಇನ್ನೊಂದು ಸುತ್ತು ಬುಸ್ ಎನಿಸಿದೆ.

ಐದನೆಯ ದಿನ ಬೆಳಿಗ್ಗೆ ಮೂಗಿನೊಳಗೆ ಒಣಗಿದ ಕೆರೆಯ ತಳದಂತೆ ಚುರುಚುರು ಎನ್ನುತ್ತಿತ್ತು. ಆದರೆ ಸೀನು ಏಳರಿಂದ ಐದಕ್ಕಿಳಿದಿತ್ತು! ಗೆದ್ದೆ ಎಂದುಕೊಂಡೆ. ಆಗಲೇ ಬಂದರು ಬ್ಯಾಂಡ್ ಮೇಷ್ಟ್ರು, ಮೂಗಿನ ಕೆಳಗೆ ಆರು ದಿನದ ಮೊಳಕೆಯೊಂದಿಗೆ.

"ತಲೆ ಮಾತ್ರ ಮುಟ್ಟು. ಮೂಗಿನ ಕೆಳಗೆ ನಿನಗೆ ಪ್ರವೇಶವಿಲ್ಲ," ಎಂದು ಕರಾರು ಹಾಕಿ ಕೂತರು. ಒಗೆದ ಬಿಳಿ ಬಟ್ಟೆ ಹೊದಿಸಿದೆ. ಬಾಚಣಿಗೆ ಇಟ್ಟು ಬಲಗಿವಿಯ ಸುತ್ತ ಕತ್ತರಿ ಆಡಿಸತೊಡಗಿದೆ. ಕಚಕಚಕಚ. ಏನು ಲಯ! ಮೇಷ್ಟ್ರು ಕೂಡ ಬಟ್ಟೆಯೊಳಗೆ ಬೆರಳಲ್ಲಿ ತಾಳ ಹಾಕುತ್ತಿದ್ದರು.

ಟಪ್.

ಬಿಳಿ ಬಟ್ಟೆಯ ಮೇಲೆ, ಬಲಗಿವಿಯ ನೇರ ಕೆಳಗೆ, ಕೆಂಪು ತೊಟ್ಟು. ಟಪ್, ಇನ್ನೊಂದು.

ಮೇಷ್ಟ್ರು ಕನ್ನಡಿಯಲ್ಲಿ ನೋಡಿದರು. ಊರಲ್ಲೇ ದೊಡ್ಡ ಕಹಳೆ ಊದಿ ಪಳಗಿದ ಶ್ವಾಸಕೋಶ ಅದು.

"ಕಿವಿ ಹೋಯ್ತೂಊಊ!"

"ಕಿವಿ ಅಲ್ಲ ಸಾರ್, ಮೂಗು!"

"ಅಯ್ಯಯ್ಯೋ, ಮೂಗೂ ಹೋಯ್ತಾ!"

"ನಿಮ್ಮದಲ್ಲ ಸಾರ್, ನನ್ನದು!" ಎನ್ನುತ್ತಾ ನಾನು ತಲೆಯೆತ್ತಿ ಚಾವಣಿ ನೋಡುತ್ತಾ ನಿಂತೆ. ರಕ್ತ ಗಂಟಲಿಗಿಳಿದು ಮಾತು ಗೊಳಗೊಳ ಎಂದಿತು. ಕೈಯಲ್ಲಿ ಕತ್ತರಿ, ಗಲ್ಲದಲ್ಲಿ ರಕ್ತ, ಕುರ್ಚಿಯಲ್ಲಿ ಕಿರುಚುವ ಗಿರಾಕಿ! ಹೊರಗಿನಿಂದ ನೋಡಿದವರಿಗೆ ಇನ್ನೇನು ಬೇಕು? ಸೈಕಲ್ ರಿಪೇರಿಯವನು ಪಂಪು ಹಿಡಿದುಕೊಂಡೇ ಓಡಿ ಬಂದ. ಚೀಟಿಯಪ್ಪ ಹತ್ತಿಯ ಉಂಡೆ ಹಿಡಿದು ಬಂದರು, ಮೊದಲ ಬಾರಿಗೆ ಚೀಟಿ ಕೇಳದೆ!

ಇದೇ ಹೊತ್ತಿಗೆ ಬಸ್ಸು ಬರಬೇಕೇ? ನನ್ನ ಅಂಗಡಿಯ ಮುಂದೆಯೇ ನಿಲ್ದಾಣ. ಪೀಪ್ ಎಂದು ಸೀಟಿ ಊದಿ ನನ್ನ ಹೆಂಡತಿ ಕೆಳಗೆ ಹಾರಿದಳು. ಗುಂಪನ್ನು "ಒಳಗೆ ನಡೀರಿ, ದಾರಿ ಬಿಡಿ, ದಾರಿ ಬಿಡಿ" ಎಂದು ಸೀಳಿಕೊಂಡು ಬಂದವಳು ಮೊದಲು ಮೇಷ್ಟ್ರ ಎರಡೂ ಕಿವಿ ಹಿಡಿದು ನೋಡಿದಳು.

"ಎರಡೂ ಇವೆ. ಕೂಗ್ಬೇಡಿ."

ಆಮೇಲೆ ನನ್ನ ಮೂಗನ್ನು, ಮೂಳೆಯ ಕೆಳಗಿನ ಮೆತ್ತನೆಯ ಭಾಗದಲ್ಲಿ, ಟಿಕೆಟ್ ಹರಿಯುವ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದಳು.

"ತಲೆ ಎತ್ತಬೇಡ್ರೀ! ಮುಂದಕ್ಕೆ ಬಗ್ಗಿ. ಬಾಯಲ್ಲಿ ಉಸಿರಾಡಿ. ನಮಗೆ ಟ್ರೈನಿಂಗಲ್ಲಿ ಹೇಳಿಕೊಟ್ಟಿದ್ದಾರೆ, ಹತ್ತು ನಿಮಿಷ ಬಿಡಬಾರದು."

ಹೆಂಡತಿಯ ಕೈಗೆ ಮೂಗು ಕೊಟ್ಟು ಹತ್ತು ನಿಮಿಷ ಬಗ್ಗಿ ನಿಂತೆ. ಮದುವೆಯಾಗಿ ಹದಿನೇಳು ವರ್ಷವಾಗಿದೆ, ನಿಲುವೇನೂ ಹೊಸದಲ್ಲ. ಆದರೆ ನಲವತ್ತು ಪ್ರಯಾಣಿಕರು ಕಿಟಕಿಯಿಂದ ನೋಡುತ್ತಿದ್ದುದು ಹೊಸದು.

"ಮೇಡಂ, ಬಸ್ಸು ಹೊರಡಲ್ವಾ?" ಎಂದು ಒಬ್ಬರು ಕೂಗಿದರು.

"ಡಿಪೋಗೆ ಕಂಪ್ಲೇಂಟ್ ಬರೀರಿ, ಕಂಡಕ್ಟರ್ ಗಂಡನ ಮೂಗು ಲೇಟು ಅಂತ!"

ರಕ್ತ ನಿಂತಿತು. ಬಸ್ಸು ಹೊರಟಿತು. ಸಂಜೆ ಮತ್ತೆ ಡಾಕ್ಟರಮ್ಮನ ಎದುರು ನಾವಿಬ್ಬರೂ ಹಾಜರು. ಅವರು ಬಾಟಲಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದರು.

"ತಿಂಗಳಿಗೆ ಬರೋ ಬಾಟಲಿ ಐದು ದಿನಕ್ಕೆ ಅರ್ಧ! ಮೂಗಿಗೆ ಹೊಡೆದ್ರೋ, ಮನೆಗೆ ಸುಣ್ಣ ಹೊಡೆದ್ರೋ? ಹೇಗೆ ಬಳಸ್ತೀರಿ, ಬರಿಗೈಯಲ್ಲಿ ತೋರಿಸಿ."

ಬಂದೂಕಿನ ಭಂಗಿ ತೋರಿಸಿದೆ. ಕಾಂಪೌಂಡರ್ ನಗು ತಡೆಯಲಾರದೆ ಹೊರಗೆ ಹೋದ. ಹಿಂದಿನ ಕಟಿಂಗು ಇನ್ನೂ ಹಾಗೇ ಇತ್ತು, ಪಾಪ.

"ಎರಡೂ ಹೊಳ್ಳೆಗೆ ಒಂದೇ ಕೈಯಲ್ಲಿ, ಮಧ್ಯದ ಗೋಡೆಗೇ ಗುರಿ ಇಟ್ಟು ಹೊಡೆದಿದ್ದೀರಿ. ಅಲ್ಲಿ ಚರ್ಮ ತೆಳ್ಳಗಿರುತ್ತೆ, ಒಣಗಿ ಬಿರಿದು ರಕ್ತ ಬಂದಿದೆ. ಮೊದಲು ಅಲ್ಲಾಡಿಸಿ. ತಲೆ ಸ್ವಲ್ಪ ಮುಂದಕ್ಕೆ ಬಾಗಲಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಕಿವಿ ಕಡೆಗೆ ತಿರುಗಿರಲಿ. ಮೆಲ್ಲಗೆ ಉಸಿರು ತಗೊಳ್ಳಿ, ಹಗ್ಗ ಎಳೆದ ಹಾಗೆ ಎಳೀಬೇಡಿ. ಕತ್ತರಿ ಬಾಚಣಿಗೆಗೆ ಎರಡು ಕೈ ಬಳಸ್ತೀರಲ್ಲ, ಇದಕ್ಕೂ ಬಳಸಿ."

ನಾನು ಹೂಂಗುಟ್ಟಿದೆ. ನಾನು ಮಾತ್ರೆ ಕೇಳಲು ಹೋದದ್ದನ್ನು ಚೀಟಿಯಪ್ಪನಿಂದ ತಿಳಿದಿದ್ದ ಹೆಂಡತಿ ಅದನ್ನೂ ಅಲ್ಲೇ ಒಪ್ಪಿಸಿಬಿಟ್ಟಳು.

"ಕೊಡದೆ ಇದ್ದ ಆ ಪುಣ್ಯಾತ್ಮನಿಗೆ ನಮಸ್ಕಾರ ಹೇಳಿ," ಎಂದರು ಡಾಕ್ಟರಮ್ಮ. "ಔಷಧಿ ಹೆಚ್ಚು ಮಾಡೋದು, ಕಡಿಮೆ ಮಾಡೋದು, ಬದಲಾಯಿಸೋದು ಮೂರೂ ನನ್ನ ಕೆಲಸ. ನಾಲ್ಕು ದಿನ ಬಿಟ್ಟು, ಗಾಯ ಮಾಗಿದ ಮೇಲೆ ಎರಡೆರಡರಂತೆ ಶುರು ಮಾಡಿ. ಮತ್ತೆ ರಕ್ತ ಬಂದ್ರೆ ತಕ್ಷಣ ಬನ್ನಿ."

ಆ ನಾಲ್ಕು ದಿನ ಕಳೆದ ಮೇಲೆ ನನ್ನ ಮೂಗಿನ ಆಡಳಿತ ಹೆಂಡತಿಯ ಕೈಗೆ ಹೋಯಿತು. ಬೆಳಿಗ್ಗೆ ಆರೂವರೆಗೆ, ಅವಳು ಕೆಲಸಕ್ಕೆ ಹೊರಡುವ ಮುಂಚೆ:

"ಅಲ್ಲಾಡಿಸಿ! ಬಲಗೈ, ಎಡ ಹೊಳ್ಳೆ, ಕಿವಿ ಕಡೆಗೆ... ರೈಟ್!"

ಬುಸ್.

"ಹೋಲ್ಡಾನ್! ಜೋರಾಗಿ ಎಳೀಬೇಡ್ರೀ! ಈಗ ಎಡಗೈ... ರೈಟ್, ರೈಟ್!"

ಮೇಲಿನ ಮನೆಯ ಅಜ್ಜಿ ಎರಡು ದಿನ ಕೈಚೀಲ ಹಿಡಿದು ಗಡಿಬಿಡಿಯಿಂದ ಮೆಟ್ಟಿಲಿಳಿದು ಬಂದು, "ಬಸ್ಸು ಹೋಗೇಬಿಡ್ತಾ?" ಎಂದು ಕೇಳಿದರು.

ನಂಬಿ, ಹತ್ತು ದಿನದಲ್ಲಿ ಸೀನು ಏಳರಿಂದ ಎರಡಕ್ಕೆ ಬಂತು. ಹದಿನೈದನೆಯ ದಿನ ಒಂದೂ ಇಲ್ಲ! ಪೌಡರಿನ ಮೋಡದ ನಡುವೆ ನಿಂತು ನಿರಾಳವಾಗಿ ಉಸಿರಾಡಿದೆ. ಎಂಥ ಸುಖ! ಬಾಯಿ ಮುಚ್ಚಿಕೊಂಡೂ ಬದುಕಬಹುದು ಎಂಬುದೇ ನನಗೆ ಮರೆತುಹೋಗಿತ್ತು. ("ಅದನ್ನ ನಾನು ಹದಿನೇಳು ವರ್ಷದಿಂದ ಹೇಳ್ತಾ ಇದ್ದೀನಿ," ಎಂದಳು ಹೆಂಡತಿ.)

ಆ ವಾರದ ರಜೆಯ ದಿನ ಅವಳು ಅಂಗಡಿಯಲ್ಲೇ ಕೂತು ಟವೆಲು ಮಡಚುತ್ತಿದ್ದಳು. ಬ್ಯಾಂಡ್ ಮೇಷ್ಟ್ರು ಎಂದಿನಂತೆ ಗಡ್ಡಕ್ಕೆ ಬಂದರು. ಈ ಸಲ ಚಿಗುರು ಮೀಸೆಗೂ ಕೈ ಹಾಕಲು ಅನುಮತಿ ಸಿಕ್ಕಿತು. ಮುಗಿಸಿದೆ. ಒಂದು ಸೀನಿಲ್ಲ, ಒಂದು ಗೀರಿಲ್ಲ! ನೀಲಿ ಬಾಟಲಿಯ ಲೋಷನ್ ಅಂಗೈಗೆ ಸುರಿದು ಅವರ ಕೆನ್ನೆಗೆ ಪಟಪಟ ತಟ್ಟಿದೆ. ಹೊಗಳಿಕೆಗಾಗಿ ಎದೆಯುಬ್ಬಿಸಿ ಉಸಿರೆಳೆದುಕೊಂಡೆ.

ಹುಳಿ ವಾಸನೆ!

ಕಸದ ಬುಟ್ಟಿ ಮೂಸಿದೆ. ಟವೆಲು ಮೂಸಿದೆ. ನನ್ನ ಅಂಗಿಯನ್ನೂ ಮೂಸಿದೆ. ಕೊನೆಗೆ ವಾಸನೆಯ ಜಾಡು ಹಿಡಿದು ಹೋದರೆ ಮೂಗು ತಲುಪಿದ್ದು ಮೇಷ್ಟ್ರ ಕೆನ್ನೆಗೆ.

"ಏನಯ್ಯಾ, ಮುದ್ದು ಮಾಡ್ತೀಯಾ?" ಎಂದರು ಅವರು.

ಹೆಂಡತಿ ಎದ್ದು ಬಂದು ಬಾಟಲಿ ಎತ್ತಿ ನೋಡಿದಳು. "ರೀ! ಇದು ಲೋಷನ್ ಅಲ್ಲ. ಕನ್ನಡಿ ಒರೆಸೋಕೆ ಅಂತ ನಾನು ನೀರಿಗೆ ವಿನೆಗರ್ ಬೆರೆಸಿ ಇಟ್ಟಿದ್ದು! ಮೇಲೆ ಚೀಟಿ ಅಂಟಿಸಿದ್ದೀನಲ್ಲ! ಎಷ್ಟು ದಿನದಿಂದ ಹಚ್ತಾ ಇದ್ದೀರಿ?"

"ಒಂದು... ತಿಂಗಳಿಂದ."

"ಹಾಗಾದ್ರೆ ಕನ್ನಡಿಗೆ?"

ಮೆಲ್ಲಗೆ ಕನ್ನಡಿಗೆ ಮೂಗು ಒಡ್ಡಿದೆ. ಕನ್ನಡಿ ಘಮಘಮ ಎನ್ನುತ್ತಿತ್ತು.

ಮೇಷ್ಟ್ರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆನ್ನೆ ತಿರುಗಿಸಿ ಅದೇ ಕನ್ನಡಿಯಲ್ಲಿ ನೋಡಿಕೊಂಡರು. ನಾನು ಹತ್ತೊಂಬತ್ತು ತಲೆಗಳಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ.

"ಅಲ್ಲಯ್ಯಾ," ಎಂದರು ಅವರು, "ಒಂದು ತಿಂಗಳಿಂದ ಮುಖ ಫಳಫಳ ಹೊಳೀತಿದೆ ಅಂತ ಮನೇಲಿ ಎಲ್ರೂ ಹೊಗಳ್ತಿದ್ರು. ನಾನು ಇಷ್ಟು ದಿನ ನಿನ್ನ ಕೈಗುಣ ಅಂದ್ಕೊಂಡಿದ್ದೆ!" ಎಂದವರೇ ನನ್ನನ್ನು ಪಕ್ಕಕ್ಕೆ ಸರಿಸಿ ಹೆಂಡತಿಯ ಕಡೆ ತಿರುಗಿದರು.

"ಅಮ್ಮಾ, ನನಗೊಂದು ಬಾಟಲಿ ಬೆರೆಸಿಕೊಡ್ತೀಯಾ?"